ಕಚ್ಚಿಕೊಂಡ ನಟ್ಟು ಮತ್ತು ಅವಸರದ ಭಾನುವಾರ

ಮೇ ತಿಂಗಳು ಅರ್ಧ ದಾಟಿತು ಅಂದ್ರೆ ಸಾಕು, ಮಲೆನಾಡು, ಕರಾವಳಿ ಕಡೆಯ ಮನೆಗಳಿಂದ ಬೆಂಗಳೂರಿಗೆ ಬರುವ ಫೋನುಗಳಲ್ಲಿ ಹೊಸದೊಂದು ವಿಷಯ ಸೇರಿಕೊಳ್ಳುತ್ತೆ. ಮಾವಿನ ಹಣ್ಣು, ಮದುವೆ ಊಟ, ಬಾವಿಯ ನೀರು ಎಲ್ಲ ಮಾತಾಡಿ ಮುಗಿದ ಮೇಲೆ ಅಪ್ಪಂದಿರು ಹೇಳ್ತಾರೆ, "ಹುಲ್ಲು ಹೊಡೆಯೋ ಮಿಷನ್ ಜಾಮ್ ಆಗಿದೆ. ಬಂದಾಗ ಒಂಚೂರು ನೋಡು." ನೋಡು ಅಂದರೆ ಬರೀ ನೋಡೋದಲ್ಲ. ಇಂಜಿನಿಯರಿಂಗ್ ಓದಿದವರಿಗೆ ನಟ್ಟು ಬಿಚ್ಚೋಕೆ ಬರಲೇಬೇಕು ಅನ್ನೋದು ಊರಿನ ಲೆಕ್ಕ. ಓದಿದ್ದು ಕಂಪ್ಯೂಟರ್ ಸೈನ್ಸ್ ಅನ್ನೋ ಸಬೂಬು ಅಲ್ಲಿ ನಡೆಯಲ್ಲ.

ಅವರ ಅವಸರಕ್ಕೆ ಕಾರಣ ಇದೆ. ಮಳೆ ಹಿಡಿಯುವ ಮುಂಚೆ ಅಡಿಕೆ ತೋಟದಲ್ಲಿ ಒಂದು ಸಲ ಕಳೆ ಹೊಡೆದಿರಬೇಕು. ಹುಲ್ಲು ಸೊಂಟದ ಮಟ್ಟ ಬೆಳೆದರೆ ಕೊಳೆ ಔಷಧಿ ಹೊಡೆಯೋಕೆ ಬಂದವರಿಗೆ ಮರದ ಬುಡಕ್ಕೆ ಹೋಗೋದೇ ಕಷ್ಟ, ಕಾಲಡಿ ಹಾವಿದ್ದರೂ ಕಾಣಲ್ಲ. ಕೆಲಸಕ್ಕೆ ಜನ ಸಿಗಲ್ಲ. ಹಾಗಾಗಿ ಹೆಗಲಿಗೆ ನೇತುಹಾಕಿಕೊಳ್ಳುವ ಆ ವೀಡ್ ಕಟರ್ ಒಂದೇ ಗತಿ. ವರ್ಷದಲ್ಲಿ ಏಳೆಂಟು ತಿಂಗಳು ಕೊಟ್ಟಿಗೆಯ ಮೂಲೆಯಲ್ಲಿ ನಿಂತಿರುವ ಮಿಷನ್ನು ಬೇಕಾದ ದಿನವೇ ಕೈ ಕೊಡುತ್ತೆ.

ನಮಗೆ ಸಿಗೋದು ಶನಿವಾರ, ಭಾನುವಾರ. ಶನಿವಾರ ನಿದ್ದೆ, ನೆಂಟರು ಅಂತ ಕಳೆದು, ಭಾನುವಾರ ಬೆಳಿಗ್ಗೆ ಸ್ಪ್ಯಾನರ್ ಹಿಡಿದು ಕೂರ್ತೀವಿ. ರಾತ್ರಿ ಬಸ್ಸು. ಮಧ್ಯಾಹ್ನ ಎರಡಾದರೂ ನಟ್ಟು ಅಲ್ಲಾಡದಿದ್ದರೆ ಸ್ಪ್ಯಾನರ್‌ಗೆ ಪೈಪ್ ಸಿಕ್ಕಿಸೋದು, ಸುತ್ತಿಗೆ ಎತ್ತೋದು ಶುರು. ಏನೋ ಒಂದು ಕಟ್ ಅನ್ನುತ್ತೆ. ಹೇಗೋ ಬಿಚ್ಚಿ, ಹೇಗೋ ಜೋಡಿಸಿ, "ಸರಿಯಾಯ್ತು ಅಪ್ಪ" ಅಂತ ಹೇಳಿ ಬಸ್ ಹತ್ತುತ್ತೀವಿ. ಸೋಮವಾರ ಬೆಳಿಗ್ಗೆ ಆ ಮಿಷನ್ ಹೆಗಲಿಗೆ ಹಾಕಿಕೊಳ್ಳೋದು ನಾವಲ್ಲ.

ಕಚ್ಚಿಕೊಂಡ ಭಾಗ ಬಿಚ್ಚೋದರ ಬಗ್ಗೆ ಬರೀಬೇಕು ಅನಿಸಿದ್ದು ಇದಕ್ಕೇ. ಹೇಗಾದರೂ ಮಾಡಿ ಬಿಚ್ಚಿದರೆ ಕೆಲಸ ಮುಗಿದ ಹಾಗಲ್ಲ. ಬಿಚ್ಚಿದ್ದು ವಾಪಸ್ ಗಟ್ಟಿಯಾಗಿ ಕೂರುವ ಹಾಗೆ ಬಿಚ್ಚಬೇಕು.

ಮೊದಲು ಎರಡು ಪ್ರಶ್ನೆ

ನಮ್ಮೂರ ಪೇಟೆಯಲ್ಲಿ ಪಂಪ್‌ಸೆಟ್, ಸ್ಪ್ರೇಯರ್, ವೀಡ್ ಕಟರ್ ಎಲ್ಲ ರಿಪೇರಿ ಮಾಡುವ ಒಬ್ಬರಿದ್ದಾರೆ. ಮಿಷನ್ ತಂದು ಇಟ್ಟರೆ ಅವರು ಮೊದಲು ಸ್ಪ್ಯಾನರ್ ಮುಟ್ಟಲ್ಲ. ಕೈ ಒರೆಸಿಕೊಳ್ಳುತ್ತಾ ಕೇಳ್ತಾರೆ: "ಓಡ್ತಾ ಇದ್ದಾಗ ನಿಂತಿತಾ? ನಿಂತಿದ್ದಾಗ ಹಿಡ್ಕೊಂಡಿತಾ?" ಆಮೇಲೆ ಎರಡನೇದು: "ಇದಕ್ಕೆ ಮುಂಚೆ ಯಾರಾದ್ರೂ ಬಿಚ್ಚಿದ್ರಾ?"

ಈ ಎರಡು ಪ್ರಶ್ನೆಯಲ್ಲೇ ಅರ್ಧ ಕೆಲಸ ಮುಗಿಯುತ್ತೆ. ಓಡ್ತಾ ಇದ್ದಾಗ ನಿಂತಿದ್ದರೆ ಒಳಗೆ ಬಿಸಿಯಾಗಿ, ಗ್ರೀಸ್ ಅಥವಾ ಆಯಿಲ್ ಸಾಲದೆ ಲೋಹಕ್ಕೆ ಲೋಹ ಉಜ್ಜಿರಬಹುದು, ಇಲ್ಲವೇ ಬ್ಲೇಡಿಗೆ ಏನೋ ಸುತ್ತಿಕೊಂಡಿರಬಹುದು. ಮೂಲೆಯಲ್ಲಿ ನಿಂತಿದ್ದಾಗ ಹಿಡಿದುಕೊಂಡಿದ್ದರೆ ಅದು ತುಕ್ಕಿನ ಕೆಲಸ. ಮುಂಚೆ ಯಾರೋ ಬಿಚ್ಚಿದ್ದರೆ ಥ್ರೆಡ್ ಹಾಳಾಗಿರಬಹುದು, ಯಾರೋ ಥ್ರೆಡ್‌ಗೆ ಹಾಕುವ ಅಂಟು ಹಾಕಿರಬಹುದು. ಒಂದೊಂದಕ್ಕೂ ಮದ್ದು ಬೇರೆ. ಇದನ್ನು ಕೇಳದೆ ಸುತ್ತಿಗೆ ಎತ್ತೋದು ಅಂದರೆ ಲಾಗ್ ನೋಡದೆ ಸರ್ವರ್ ರೀಸ್ಟಾರ್ಟ್ ಮಾಡಿದ ಹಾಗೆ.

ಜಾಮ್ ಆಗಿರೋದು ಎಲ್ಲಿ?

ಶುರು ಮಾಡುವ ಮೊದಲು ಸ್ಪಾರ್ಕ್ ಪ್ಲಗ್‌ನ ಕ್ಯಾಪ್ ಎಳೆದು ಪಕ್ಕಕ್ಕಿಡಿ. ಇಂಜಿನ್ ಆಫ್ ಇದೆ ಅನ್ನೋದು ಸಾಲದು. ಬ್ಲೇಡ್ ಹತ್ತಿರ ಕೈ ಹೋಗುವ ಯಾವ ಕೆಲಸಕ್ಕೂ ಇದೇ ಮೊದಲ ಹೆಜ್ಜೆ. ಕೈಗೆ ದಪ್ಪ ಗ್ಲೌಸ್, ಕಣ್ಣಿಗೆ ಕನ್ನಡಕ.

ಈ ಮಿಷನ್‌ನಲ್ಲಿ ಇಂಜಿನ್‌ಗೂ ಬ್ಲೇಡ್‌ಗೂ ಮಧ್ಯೆ ಒಂದು ಕ್ಲಚ್ ಇರುತ್ತೆ. ಇಂಜಿನ್ ವೇಗ ಹೆಚ್ಚಾದಾಗ ಅದರ ಎರಡು ತುಂಡುಗಳು ಹೊರಕ್ಕೆ ಹರಡಿ ಡ್ರಮ್ ಅನ್ನು ಹಿಡಿಯುತ್ತವೆ, ಆಗ ಮಾತ್ರ ಬ್ಲೇಡ್ ತಿರುಗುತ್ತೆ. ಇದು ಗೊತ್ತಿದ್ದರೆ ಹುಡುಕೋದು ಸುಲಭ. ಹಗ್ಗ ಎಳೆಯೋಕೇ ಬರ್ತಿಲ್ಲ ಅಂದ್ರೆ ತೊಂದರೆ ಬಹುಮಟ್ಟಿಗೆ ಇಂಜಿನ್ ಕಡೆ. ಇಂಜಿನ್ ಸ್ಟಾರ್ಟ್ ಆಗುತ್ತೆ, ಬ್ಲೇಡ್ ತಿರುಗಲ್ಲ ಅಂದ್ರೆ ಕ್ಲಚ್, ಉದ್ದ ಶಾಫ್ಟ್, ಅಥವಾ ಕೆಳಗಿನ ಗೇರ್ ಹೆಡ್.

ಇಂಜಿನ್ ಕಡೆಯಾದರೆ ಸ್ಪಾರ್ಕ್ ಪ್ಲಗ್ ಬಿಚ್ಚಿ ಮತ್ತೆ ಹಗ್ಗ ಎಳೆಯಿರಿ. ಈಗ ಸಲೀಸಾಗಿ ಬಂದರೆ ಸಿಲಿಂಡರ್‌ನಲ್ಲಿ ಪೆಟ್ರೋಲ್ ತುಂಬಿಕೊಂಡಿತ್ತು ಅಷ್ಟೇ. ಬರಲಿಲ್ಲವಾ, ಹಗ್ಗ ಇರುವ ಕವರ್‌ನ ಸ್ಕ್ರೂ ತೆಗೆದು ಕವರ್ ಅನ್ನೇ ಬೇರೆ ಮಾಡಿ. ಕವರ್‌ನಲ್ಲಿ ಹಗ್ಗ ಸಿಕ್ಕಿಕೊಂಡಿದ್ದರೆ ಇಂಜಿನ್ ಚೆನ್ನಾಗಿದೆ ಅಂತ ಖುಷಿಪಡಿ. ಒಂದು ಎಚ್ಚರ: ಆ ಕವರ್‌ನ ರಾಟೆ ಕೆಳಗೆ ಸುರುಳಿ ಸ್ಪ್ರಿಂಗ್ ಬಿಗಿಯಾಗಿ ಕೂತಿರುತ್ತೆ, ಗೊತ್ತಿಲ್ಲದೆ ಎತ್ತಿದರೆ ಮುಖಕ್ಕೆ ಹಾರುತ್ತೆ. ಕವರ್ ತೆಗೆದ ಮೇಲೆ ಫ್ಲೈವೀಲ್ ಅನ್ನು ಕೈಯಲ್ಲಿ ತಿರುಗಿಸಿದರೂ ಬರದಿದ್ದರೆ ಮಾತ್ರ ಇಂಜಿನ್ ಹಿಡಿದಿದೆ ಅಂತ ಅರ್ಥ.

ಕೆಳಗಡೆಯೂ ಹೀಗೇ. ಮೊದಲು ಬ್ಲೇಡ್‌ನ ಬುಡ ನೋಡಿ. ಹಸಿ ಹುಲ್ಲು, ಗೊಬ್ಬರದ ಚೀಲದ ದಾರ, ಡ್ರಿಪ್ ಪೈಪಿನ ಚೂರು ಸುತ್ತಿಕೊಂಡು ಗಟ್ಟಿ ಬತ್ತಿಯ ಹಾಗೆ ಆಗಿರುತ್ತೆ. ಎಷ್ಟೋ ಸಲ ಜಾಮ್ ಅನ್ನೋದು ಇಷ್ಟೇ. ಚಾಕುವಿನಿಂದ ಕೊಯ್ದು ತೆಗೆದರೆ ಸಾಕು, ಒಂದು ನಟ್ಟನ್ನೂ ಮುಟ್ಟಬೇಕಾಗಿಲ್ಲ.

ಉಲ್ಟಾ ನಟ್ಟು

ಬ್ಲೇಡ್ ಬಿಚ್ಚಲೇಬೇಕು ಅಂತಾದರೆ ಒಂದು ವಿಷಯ ಗೊತ್ತಿರಬೇಕು. ಈ ಮಿಷನ್‌ಗಳಲ್ಲಿ ಬ್ಲೇಡ್ ಹಿಡಿದಿರುವ ನಟ್ಟು ಸಾಮಾನ್ಯವಾಗಿ ಎಡ ಥ್ರೆಡ್‌ನದು. ನಟ್ಟಿನ ಕಡೆಗೆ ಮುಖ ಮಾಡಿ ನೋಡಿದಾಗ ಗಡಿಯಾರದ ಮುಳ್ಳು ತಿರುಗುವ ದಿಕ್ಕಿಗೆ ತಿರುಗಿಸಿದರೆ ಅದು ಸಡಿಲವಾಗುತ್ತೆ. ನಾವು ಹುಟ್ಟಿದಾಗಿನಿಂದ ಅಭ್ಯಾಸ ಮಾಡಿದ್ದಕ್ಕೆ ಪೂರ್ತಿ ವಿರುದ್ಧ.

ಇದು ಕಂಪನಿಯವರ ಹುಚ್ಚಾಟ ಅಲ್ಲ. ಮಿಷನ್ ಹಿಡಿದವರು ಮೇಲಿನಿಂದ ನೋಡಿದರೆ ಬ್ಲೇಡ್ ಗಡಿಯಾರದ ವಿರುದ್ಧ ದಿಕ್ಕಿಗೆ ತಿರುಗುತ್ತೆ. ಕೆಳಗಿನಿಂದ, ಅಂದರೆ ನಟ್ಟಿನ ಕಡೆಯಿಂದ ನೋಡಿದರೆ ಗಡಿಯಾರದ ದಿಕ್ಕು. ಪ್ರತಿ ಸಲ ಹುಲ್ಲಿಗೆ ತಾಗಿದಾಗ ಬ್ಲೇಡ್ ಒಂಚೂರು ಹಿಂದಕ್ಕೆ ಜಗ್ಗುತ್ತೆ, ಜೊತೆಗೆ ನಟ್ಟನ್ನೂ ಜಗ್ಗುತ್ತೆ. ಮಾಮೂಲಿ ಥ್ರೆಡ್ ಆಗಿದ್ದರೆ ಆ ಜಗ್ಗಾಟಕ್ಕೆ ನಟ್ಟು ಸಡಿಲವಾಗಿ ತೋಟದ ನಡುವೆ ಬ್ಲೇಡ್ ಕಳಚಿ ಹೋಗ್ತಿತ್ತು. ಎಡ ಥ್ರೆಡ್ ಆದ್ದರಿಂದ ಬಿಗಿಯಾಗುತ್ತಾ ಹೋಗುತ್ತೆ. ಸೈಕಲ್‌ನ ಎಡಗಡೆ ಪೆಡಲ್, ಅನೇಕ ಟೇಬಲ್ ಫ್ಯಾನ್‌ಗಳ ರೆಕ್ಕೆ ಹಿಡಿಯುವ ಬಿರಡೆ ಎಲ್ಲ ಇದೇ ಜಾತಿ.

ಅಂದರೆ ಹತ್ತು ವರ್ಷ ಹುಲ್ಲು ಹೊಡೆದ ಮಿಷನ್ನು ತನ್ನ ನಟ್ಟನ್ನು ಹತ್ತು ವರ್ಷದಿಂದ ಬಿಗಿ ಮಾಡಿಕೊಂಡು ಬಂದಿದೆ. ಅದಕ್ಕೆ ನಾವು ಪೈಪ್ ಸಿಕ್ಕಿಸಿ, ಮಾಮೂಲಿ ದಿಕ್ಕಿಗೆ ಇನ್ನೂ ಎಳೆದರೆ ಏನಾಗಬೇಕು? ಒಂದೋ ನಟ್ಟಿನ ಮೂಲೆ ಸವೆದು ರೌಂಡ್ ಆಗುತ್ತೆ, ಇಲ್ಲವೇ ಶಾಫ್ಟ್‌ನ ಥ್ರೆಡ್ ಹರಿಯುತ್ತೆ. ಎರಡನೇದಾದರೆ ನಟ್ಟು ಬದಲಿಸಿ ಪ್ರಯೋಜನ ಇಲ್ಲ, ಶಾಫ್ಟ್ ಸಮೇತ ಬದಲಿಸಬೇಕು.

ಬಿಚ್ಚುವಾಗ ಶಾಫ್ಟ್ ತಿರುಗದಂತೆ ಹಿಡಿಯೋಕೆ ಗೇರ್ ಹೆಡ್‌ನಲ್ಲೇ ಒಂದು ತೂತು ಇರುತ್ತೆ. ಬ್ಲೇಡ್ ನಿಧಾನ ತಿರುಗಿಸಿ ಒಳಗಿನ ತೂತು ಅದಕ್ಕೆ ಸರಿಯಾದಾಗ ಅಲೆನ್ ಕೀ ತೂರಿಸಿದರೆ ಲಾಕ್. ಎಷ್ಟೋ ಮನೆಗಳಲ್ಲಿ ಈ ತೂತು ಮಣ್ಣು ತುಂಬಿ ಮುಚ್ಚಿಹೋಗಿ, ಬ್ಲೇಡನ್ನು ಕಾಲಲ್ಲಿ ಒತ್ತಿ ಹಿಡಿಯೋ ಪದ್ಧತಿ ಇದೆ. ದಯವಿಟ್ಟು ಅದು ಬೇಡ. ಮೊಳೆಯಿಂದ ಮಣ್ಣು ಕೆರೆದರೆ ತೂತು ಸಿಗುತ್ತೆ.

ತುಕ್ಕು, ಬಿಳಿ ಪುಡಿ ಮತ್ತು ಬೋರ್ಡೋ

ದಿಕ್ಕು ಸರಿಯಿದ್ದೂ ಬರ್ತಿಲ್ಲ ಅಂದ್ರೆ ತುಕ್ಕು. ಕಬ್ಬಿಣ ತುಕ್ಕಾದಾಗ ಮೊದಲಿನ ಎರಡು ಪಟ್ಟಿಗಿಂತ ಹೆಚ್ಚು ಜಾಗ ಬೇಡುತ್ತೆ. ನಟ್ಟಿಗೂ ಬೋಲ್ಟಿಗೂ ನಡುವೆ ಇರೋದೇ ಕೂದಲೆಳೆಯಷ್ಟು ಸಂದು. ಅದರಲ್ಲಿ ತುಕ್ಕು ಊದಿಕೊಂಡರೆ ಬೆಣೆ ಹೊಡೆದ ಹಾಗೆ.

ಇನ್ನೊಂದು ಥರದ್ದು ನೋಡೋಕೆ ತುಕ್ಕಿನ ಹಾಗೆ ಇರಲ್ಲ. ಗೇರ್ ಹೆಡ್, ಇಂಜಿನ್‌ನ ಮೈ ಎಲ್ಲ ಅಲ್ಯುಮಿನಿಯಂ. ಬೋಲ್ಟು ಉಕ್ಕಿನದು. ಎರಡು ಬೇರೆ ಲೋಹಗಳ ನಡುವೆ ತೇವ ಸೇರಿದರೆ ಅದು ಸಣ್ಣ ಬ್ಯಾಟರಿಯ ಹಾಗೆ ಕೆಲಸ ಮಾಡಿ ಅಲ್ಯುಮಿನಿಯಂ ಕರಗುತ್ತಾ ಹೋಗುತ್ತೆ, ಬೋಲ್ಟಿನ ಸುತ್ತ ಬಿಳಿ ಪುಡಿ ಕಟ್ಟುತ್ತೆ. ಆ ಪುಡಿಯೇ ಸಿಮೆಂಟಿನ ಹಾಗೆ ಬೋಲ್ಟನ್ನು ಹಿಡಿಯೋದು.

ನಮ್ಮ ಅಡಿಕೆ ಮನೆಗಳಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಇದೆ. ಬೋರ್ಡೋ ದ್ರಾವಣ ಸರಿ ಆಗಿದೆಯಾ ಅಂತ ಹಿರಿಯರು ಕತ್ತಿ ಅದ್ದಿ ನೋಡ್ತಾರಲ್ಲ, ನೆನಪಿದೆಯಾ? ಅಲಗಿನ ಮೇಲೆ ಕೆಂಪು ಬಣ್ಣ ಕೂತರೆ ಸುಣ್ಣ ಸಾಲದು ಅಂತ ಅರ್ಥ. ಆ ಕೆಂಪು ಬಣ್ಣ ತಾಮ್ರ. ಕತ್ತಿಯ ಕಬ್ಬಿಣ ಒಂಚೂರು ಕರಗಿ ಆ ಜಾಗದಲ್ಲಿ ತಾಮ್ರ ಕೂತಿದೆ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಕಲಸುವ ಅದೇ ಮೂಲೆಯಲ್ಲಿ, ಸ್ಪ್ರೇಯರ್ ಪಕ್ಕದಲ್ಲೇ ವೀಡ್ ಕಟರ್ ನಿಂತಿರುತ್ತೆ. ಮೈಲುತುತ್ತದ ನೀರಿನ ಹನಿ ಅದರ ಮೇಲೂ ಬೀಳುತ್ತೆ. ಕತ್ತಿಯ ಮೇಲೆ ಒಂದು ನಿಮಿಷದಲ್ಲಿ ಕಾಣೋದು ಬೋಲ್ಟಿನ ಸಂದಿಯಲ್ಲಿ ಮಳೆಗಾಲ ಪೂರ್ತಿ ನಡೆದಿರುತ್ತೆ. ಹಾಗಾಗಿ ಇವೆರಡನ್ನು ಬೇರೆ ಬೇರೆ ಮೂಲೆಯಲ್ಲಿ ಇಡೋದು ಅತ್ಯಂತ ಅಗ್ಗದ ರಿಪೇರಿ.

ಗುರುವಾರವೇ ಶುರು ಮಾಡಿ

ಕಚ್ಚಿಕೊಂಡ ನಟ್ಟಿಗೆ ದೊಡ್ಡ ಮದ್ದು ಸಮಯ. ಸಂದಿಗೆ ಇಳಿಯುವ ಎಣ್ಣೆಗೆ ಅವಸರ ಇಲ್ಲ, ಅದು ರಾತ್ರಿಯೆಲ್ಲ ಇಂಚಿಂಚಾಗಿ ಇಳಿಯಬೇಕು. ನಮ್ಮ ಹತ್ತಿರ ಇರೋದು ಒಂದೇ ಭಾನುವಾರ. ಇದಕ್ಕೊಂದು ಸುಲಭದ ದಾರಿ ಇದೆ: ಗುರುವಾರವೇ ಮನೆಗೆ ಫೋನ್ ಮಾಡಿ, ವಿಡಿಯೋ ಕಾಲ್‌ನಲ್ಲಿ ಜಾಗ ತೋರಿಸಿ ಎಣ್ಣೆ ಬಿಡೋಕೆ ಹೇಳಿ. ಬೆಳಿಗ್ಗೆ ಒಂದು ಸಲ, ರಾತ್ರಿ ಒಂದು ಸಲ. ನೀವು ತಲುಪುವ ಹೊತ್ತಿಗೆ ನಾಲ್ಕೈದು ಸಲ ಆಗಿರುತ್ತೆ. ಬಿಡುವ ಮುಂಚೆ ತಂತಿ ಬ್ರಷ್‌ನಿಂದ ಮಣ್ಣು, ತುಕ್ಕು ಕೆರೆದಿರಬೇಕು, ಇಲ್ಲದಿದ್ದರೆ ಎಣ್ಣೆ ಕುಡಿಯೋದು ಮಣ್ಣು ಮಾತ್ರ.

ಯಾವ ಎಣ್ಣೆ? ಪೇಟೆಯಲ್ಲಿ ತುಕ್ಕು ಬಿಡಿಸುವ ಸ್ಪ್ರೇ ಸಿಗುತ್ತೆ. ಎಲ್ಲರಿಗೂ ಗೊತ್ತಿರುವ ಡಬ್ಲ್ಯುಡಿ-40 ನಿಜವಾಗಿ ಹುಟ್ಟಿದ್ದು 1953ರಲ್ಲಿ ಅಮೆರಿಕದಲ್ಲಿ, ಲೋಹದ ಮೇಲಿನ ನೀರನ್ನು ಓಡಿಸಿ ತುಕ್ಕು ತಡೆಯೋಕೆ. ನೀರು ಓಡಿಸುವ ಸೂತ್ರಕ್ಕಾಗಿ ಮಾಡಿದ ನಲವತ್ತನೇ ಪ್ರಯತ್ನ ಅನ್ನೋದೇ ಆ ಹೆಸರಿನ ಅರ್ಥ. ಸಣ್ಣಪುಟ್ಟ ತುಕ್ಕಿಗೆ ಅದೂ ಆಗುತ್ತೆ. ಏನೂ ಸಿಗದಿದ್ದರೆ ಡೀಸೆಲ್‌ಗೆ ಸ್ವಲ್ಪ ಇಂಜಿನ್ ಆಯಿಲ್ ಬೆರೆಸಿ ಬಿಟ್ಟರೂ ನಡೆಯುತ್ತೆ, ಒಂದೆರಡು ದಿನ ಹೆಚ್ಚು ಕಾಯಬೇಕು ಅಷ್ಟೇ.

ಎಣ್ಣೆ ಆದಮೇಲೆ ಬಿಸಿ. ಇಲ್ಲಿ ನಮ್ಮ ಹಳೇ ಮನೆಗಳ ಬಚ್ಚಲ ಹಂಡೆ ಬಹಳ ಉಪಕಾರಿ. ಬಿಸಿಯಾದಾಗ ಅಲ್ಯುಮಿನಿಯಂ ಉಕ್ಕಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತೆ. 10 ಮಿ.ಮೀ. ತೂತು 50 ಡಿಗ್ರಿ ಹೆಚ್ಚು ಬಿಸಿಯಾದರೆ ಅಲ್ಯುಮಿನಿಯಂ ತೂತು ಸುಮಾರು 0.012 ಮಿ.ಮೀ. ದೊಡ್ಡದಾಗುತ್ತೆ, ಒಳಗಿನ ಉಕ್ಕಿನ ಬೋಲ್ಟು 0.006 ಮಿ.ಮೀ. ಮಾತ್ರ. ವ್ಯತ್ಯಾಸ ಕೂದಲಿನ ಹತ್ತನೇ ಒಂದು ಪಾಲು. ಆದರೆ ಒಣಗಿದ ಪುಡಿಯ ಹಿಡಿತ ಬಿರುಕು ಬಿಡೋಕೆ ಅಷ್ಟು ಸಾಕು. ಗೇರ್ ಹೆಡ್ ಮೇಲೆ ಕುದಿಯುವ ನೀರು ಹೊಯ್ದು, ಬಿಸಿ ಇರುವಾಗಲೇ ತಿರುಗಿಸಿ ನೋಡಿ, ತಣ್ಣಗಾದ ಮೇಲೆ ಮತ್ತೆ ಎಣ್ಣೆ ಬಿಡಿ. ಎರಡು ಮೂರು ಸಲ ಹೀಗೆ ಮಾಡಿದರೆ ಬಹಳಷ್ಟು ಬೋಲ್ಟುಗಳು ಸೋಲುತ್ತವೆ. ಕೆಲಸ ಮುಗಿದ ಮೇಲೆ ನೀರು ಪೂರ್ತಿ ಒಣಗಿಸಬೇಕು ಅನ್ನೋದನ್ನು ಮರೀಬೇಡಿ.

ಬೆಂಕಿ ಮಾತ್ರ ಬೇಡ. ಪೆಟ್ರೋಲ್ ಟ್ಯಾಂಕ್ ಜೋಡಿಸಿರುವ ಮಿಷನ್ ಹತ್ತಿರ ಗ್ಯಾಸ್ ಟಾರ್ಚ್ ತರೋದು ಯಾವ ನಟ್ಟಿಗೂ ಲಾಯಕ್ಕಿಲ್ಲದ ಸಾಹಸ. ಥ್ರೆಡ್ ಅಂಟುಗಳಲ್ಲಿ ಗಟ್ಟಿಯಾದ ಕೆಂಪು ಜಾತಿಯದು ಬಿಡೋಕೆ ಸುಮಾರು 250 ಡಿಗ್ರಿ ಬಿಸಿ ಬೇಕು. ಅಂಥದ್ದು ಅನುಮಾನ ಇದ್ದರೆ ಆ ಭಾಗ ಮಾತ್ರ ಬೇರ್ಪಡಿಸಿಕೊಂಡು ವರ್ಕ್‌ಶಾಪ್‌ಗೆ ಹೋಗಿ.

ಮೂರನೇದು ಪೆಟ್ಟು. ಜೋರಾಗಿ ಒಂದು ಹೊಡೆಯೋದಲ್ಲ, ಸಣ್ಣದಾಗಿ ಹತ್ತಿಪ್ಪತ್ತು. ಬೋಲ್ಟಿನ ತಲೆಯ ಮೇಲೆ ನೇರವಾಗಿ ತಟ್ಟಿದರೆ ತುಕ್ಕಿನ ಪದರ ಒಡೆದು ಎಣ್ಣೆಗೆ ದಾರಿಯಾಗುತ್ತೆ. ಅಲ್ಯುಮಿನಿಯಂ ಮೈಗೆ ತಟ್ಟಬೇಕಾದರೆ ಮರದ ಕೊಡತಿಯೇ ಆಗಬೇಕು, ಕಬ್ಬಿಣದ ಸುತ್ತಿಗೆಗೆ ಅದು ಬಿರುಕು ಬಿಡುತ್ತೆ. ಕವರ್‌ನ ಸ್ಟಾರ್ ಸ್ಕ್ರೂಗಳು ಬರದಿದ್ದರೆ ಬೈಕ್ ಮೆಕ್ಯಾನಿಕ್‌ಗಳ ಹತ್ತಿರ ಸುತ್ತಿಗೆಯಿಂದ ಹೊಡೆದಾಗ ತಾನೇ ತಿರುಗುವ ಇಂಪ್ಯಾಕ್ಟ್ ಡ್ರೈವರ್ ಇರುತ್ತೆ, ಕೇಳಿ ತನ್ನಿ.

ತಿರುಗಿಸುವಾಗ ಇನ್ನೊಂದು ಉಪಾಯ: ಮೊದಲು ಬಿಗಿ ಮಾಡುವ ಕಡೆಗೆ ಕೂದಲಷ್ಟು ಒತ್ತಿ, ಆಮೇಲೆ ಬಿಚ್ಚುವ ಕಡೆಗೆ. ತುಕ್ಕಿನ ಹಿಡಿತ ಯಾವ ಕಡೆ ಒಡೆದರೂ ಒಡೆದಂತೆಯೇ. ಅಲ್ಲಾಡಿದ ಮೇಲೆ ಒಂದೇ ಸಮ ಸುತ್ತಬೇಡಿ. ಕಾಲು ಸುತ್ತು ಹಿಂದೆ, ಅರ್ಧ ಕಾಲು ಮುಂದೆ, ಮತ್ತೆ ಎಣ್ಣೆ. ಬೋಲ್ಟುಗಳು ಮುರಿಯೋದು ಹೆಚ್ಚಾಗಿ ಈ ಹಂತದಲ್ಲೇ, "ಬಂತು ಬಂತು" ಅಂತ ಖುಷಿಯಲ್ಲಿ ಎಳೆದಾಗ.

ಪೈಪಿನ ಲೆಕ್ಕ

15 ಸೆಂ.ಮೀ. ಸ್ಪ್ಯಾನರ್ ತುದಿಯಲ್ಲಿ 20 ಕಿಲೋ ತೂಕದಷ್ಟು ಬಲ ಹಾಕಿ ಎಳೆದರೆ ನಟ್ಟಿನ ಮೇಲೆ ಬೀಳುವ ತಿರುಚು ಬಲ ಸುಮಾರು 30 ನ್ಯೂಟನ್ ಮೀಟರ್. ಅದಕ್ಕೇ ಪೈಪ್ ಸಿಕ್ಕಿಸಿ 60 ಸೆಂ.ಮೀ. ಮಾಡಿದರೆ ಅದೇ ಎಳೆತಕ್ಕೆ 120. ಕೈಗೆ ವ್ಯತ್ಯಾಸವೇ ಗೊತ್ತಾಗಲ್ಲ. ಆದರೆ ಈ ಮಿಷನ್‌ಗಳಲ್ಲಿರುವ 6 ಮಿ.ಮೀ. ಬೋಲ್ಟನ್ನು ಬಿಗಿ ಮಾಡಬೇಕಾದ್ದೇ ಸಾಮಾನ್ಯವಾಗಿ 10ರ ಆಸುಪಾಸು. ಅಂದರೆ ಬರೀ ಸ್ಪ್ಯಾನರ್‌ನಲ್ಲೇ ಅದನ್ನು ಮುರಿಯುವಷ್ಟು ಬಲ ನಮ್ಮ ಕೈಯಲ್ಲಿದೆ. ಸಣ್ಣ ಬೋಲ್ಟಿಗೆ ಪೈಪ್ ಸಿಕ್ಕಿಸೋ ಯೋಚನೆ ಬಂದರೆ ಎದ್ದು ಹೋಗಿ ಒಂದು ಲೋಟ ಮಜ್ಜಿಗೆ ಕುಡಿದು ಬನ್ನಿ.

ಸ್ಪ್ಯಾನರ್‌ನಲ್ಲೂ ಜಾತಿ ಇದೆ. ತಿರುಪಿ ಅಗಲ ಮಾಡುವ ಅಡ್ಜಸ್ಟಬಲ್ ಸ್ಪ್ಯಾನರ್ ಕಚ್ಚಿಕೊಂಡ ನಟ್ಟಿನ ಶತ್ರು, ಅದು ಮೂಲೆಗಳನ್ನು ಸವೆಸುತ್ತೆ. ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಎಲ್ಲಕ್ಕಿಂತ ಒಳ್ಳೇದು. ಅಲೆನ್ ಬೋಲ್ಟಿನ ಗುಳಿಯಲ್ಲಿ ಮಣ್ಣು ಇದ್ದರೆ ಕೀ ಪೂರ್ತಿ ಇಳಿಯಲ್ಲ, ಅರ್ಧ ಇಳಿದ ಕೀ ಗುಳಿಯನ್ನೇ ರೌಂಡ್ ಮಾಡುತ್ತೆ. ಮೊಳೆಯಿಂದ ಮಣ್ಣು ತೆಗೆದು, ಕೀ ಇಟ್ಟು ಮೇಲಿಂದ ಒಂದೆರಡು ಸಲ ತಟ್ಟಿ, ಆಮೇಲೆ ತಿರುಗಿಸಿ.

ಇಂಜಿನ್ನೇ ಹಿಡಿದಿದ್ದರೆ

ಇಲ್ಲಿ ಆ ಮೊದಲ ಪ್ರಶ್ನೆ ಮತ್ತೆ ಬರುತ್ತೆ. ಮೂಲೆಯಲ್ಲಿ ನಿಂತಿದ್ದಾಗ ಹಿಡಿದಿದ್ದರೆ ಆಸೆ ಇದೆ. ಪ್ಲಗ್ ತೂತಿನಿಂದ ಎರಡು ಚಮಚ ಟೂ-ಟಿ ಆಯಿಲ್ ಬಿಟ್ಟು ಒಂದೆರಡು ದಿನ ಇಡಿ. ಆಮೇಲೆ ಫ್ಲೈವೀಲ್ ಅನ್ನು ಕೈಯಲ್ಲೇ ಹಿಂದೆ ಮುಂದೆ ಅಲ್ಲಾಡಿಸಿ. ಸ್ಪ್ಯಾನರ್ ಹಾಕಿ ಬಲವಂತ ಮಾಡಬೇಡಿ. ಓಡ್ತಾ ಇದ್ದಾಗ ಕಿರ್ ಅಂತ ನಿಂತಿದ್ದರೆ ಬರೀ ಪೆಟ್ರೋಲ್ ಹಾಕಿ ಓಡಿಸಿರಬಹುದು. ಟೂ-ಸ್ಟ್ರೋಕ್ ಇಂಜಿನ್‌ಗೆ ಪೆಟ್ರೋಲ್‌ನಲ್ಲಿ ಬೆರೆಸುವ ಆಯಿಲ್ ಬಿಟ್ಟರೆ ಬೇರೆ ಆಯಿಲ್ ಇಲ್ಲ. ಪಿಸ್ಟನ್‌ನ ಲೋಹ ಸಿಲಿಂಡರ್‌ಗೆ ಮೆತ್ತಿಕೊಂಡಿರುತ್ತೆ. ಅದನ್ನು ಎಣ್ಣೆ ಬಿಟ್ಟು ಬಿಡಿಸಿದರೂ ಮತ್ತೆ ಹಿಡಿಯುತ್ತೆ. ಇದು ಬಿಚ್ಚಿ ನೋಡಬಲ್ಲವರ ಕೆಲಸ, ಭಾನುವಾರದ್ದಲ್ಲ.

ಬೋಲ್ಟು ಮುರಿದು ತುಂಡು ಒಳಗೇ ಉಳಿದರೂ ಅಲ್ಲಿಗೇ ನಿಲ್ಲಿಸಿ. ಒಳ್ಳೆ ವೆಲ್ಡಿಂಗ್ ಶಾಪ್‌ನವರು ಮುರಿದ ತುಂಡಿನ ಮೇಲೆ ಒಂದು ನಟ್ಟು ಇಟ್ಟು ವೆಲ್ಡ್ ಮಾಡಿ ತಿರುಗಿಸಿ ತೆಗೀತಾರೆ. ಆ ಬಿಸಿಗೆ ತುಂಡು ಸಡಿಲವೂ ಆಗುತ್ತೆ. ನಾವು ಮನೆಯ ಡ್ರಿಲ್‌ನಿಂದ ಅಡ್ಡಾದಿಡ್ಡಿ ಕೊರೆದ ಮೇಲೆ ಕೊಂಡೊಯ್ದರೆ ಅವರೂ ಏನೂ ಮಾಡಲಾರರು. ಗೇರ್ ಹೆಡ್‌ನ ಮೈಯೇ ಸೀಳಿದ್ದರೆ ಹೊಸ ಗೇರ್ ಹೆಡ್ ಬೇರೆಯಾಗಿಯೇ ಸಿಗುತ್ತೆ, ಅದಕ್ಕಾಗಿ ಪೂರ್ತಿ ಮಿಷನ್ ಎಸೆಯಬೇಕಾಗಿಲ್ಲ.

ಸೋಮವಾರದ ಸಲುವಾಗಿ

ಈಗ ಮುಖ್ಯ ವಿಷಯ. 255 ಮಿ.ಮೀ. ಬ್ಲೇಡ್ ನಿಮಿಷಕ್ಕೆ 7000 ಸುತ್ತು ತಿರುಗಿದರೆ ಅದರ ಅಂಚಿನ ವೇಗ ಗಂಟೆಗೆ ಸುಮಾರು 335 ಕಿ.ಮೀ. ಅದನ್ನು ಹಿಡಿದಿರೋದು ನಾವು ಬಿಚ್ಚಿ ಹಾಕಿದ ಆ ಒಂದು ನಟ್ಟು.

ಹಳೇ ನಟ್ಟಿನ ಮೂಲೆ ಸವೆದಿದ್ದರೆ, ಕೈಯಲ್ಲಿ ತಿರುಗಿಸಿದಾಗ ತಡೆಯೇ ಇಲ್ಲದೆ ಸಲೀಸಾಗಿ ಕೊನೆವರೆಗೂ ಹೋದರೆ ಅದನ್ನು ಎಸೆದು ಹೊಸದು ಹಾಕಿ. ಅದೇ ಮಾಡೆಲ್‌ನ ಎಡ ಥ್ರೆಡ್ ನಟ್ಟೇ ಆಗಬೇಕು. ಪೆಟ್ಟಿಗೆಯಲ್ಲಿ ಸಿಕ್ಕಿದ ಯಾವುದೋ ನಟ್ಟು "ಹೆಚ್ಚುಕಡಿಮೆ ಕೂತಿದೆ" ಅಂದ್ರೆ ಕೂತಿಲ್ಲ. ಬ್ಲೇಡಿನಲ್ಲಿ ಬಿರುಕು ಕಂಡರೆ, ಸೊಟ್ಟಗಾಗಿದ್ದರೆ ಅದಕ್ಕೆ ವೆಲ್ಡಿಂಗ್ ಇಲ್ಲ, ಗುಜರಿಯೇ ಗತಿ. ಬ್ಲೇಡಿನ ಮೇಲೆ ಕೆಳಗೆ ಇರುವ ವಾಷರ್, ಬಟ್ಟಲು ಯಾವ ಕ್ರಮದಲ್ಲಿ ಇತ್ತೋ ಅದೇ ಕ್ರಮದಲ್ಲಿ ಕೂರಬೇಕು. ಬಿಚ್ಚುವಾಗ ಹೆಜ್ಜೆ ಹೆಜ್ಜೆಗೂ ಫೋನಲ್ಲಿ ಫೋಟೋ ತೆಗೆದು, ಸ್ಕ್ರೂಗಳನ್ನು ಮೊಟ್ಟೆ ಟ್ರೇನಲ್ಲಿ ಸಾಲಾಗಿ ಇಟ್ಟಿದ್ದರೆ ಇದು ಕಷ್ಟವಲ್ಲ. ಗಾರ್ಡ್ ಬಿಚ್ಚಿದ್ದರೆ ವಾಪಸ್ ಹಾಕಿಯೇ ಕೊಡಿ.

ಶುಕ್ರವಾರ ಸಂಜೆ ಹೊಸ ಕೋಡ್ ಪ್ರೊಡಕ್ಷನ್‌ಗೆ ಹಾಕಿ ಲ್ಯಾಪ್‌ಟಾಪ್ ಮುಚ್ಚಬಾರದು ಅಂತ ನಾವೆಲ್ಲ ಕಲಿತಿದ್ದೀವಿ. ಇಲ್ಲೂ ಅದೇ. ಜೋಡಿಸೋದು ಭಾನುವಾರ ಮಧ್ಯಾಹ್ನಕ್ಕೆ ಮುಗಿದಿರಬೇಕು. ಆಮೇಲೆ ಅಕ್ಕಪಕ್ಕ 15 ಮೀಟರ್ ಒಳಗೆ ಯಾರೂ ಇಲ್ಲದಂತೆ ನೋಡಿಕೊಂಡು, ಬೂಟು, ಕನ್ನಡಕ ಹಾಕಿಕೊಂಡು ನೀವೇ ಹತ್ತು ಹದಿನೈದು ನಿಮಿಷ ಹುಲ್ಲು ಹೊಡೆಯಿರಿ. ನಡುಕ ಹೆಚ್ಚಿದೆಯಾ, ಹೊಸ ಸದ್ದು ಬಂತಾ, ಗಮನಿಸಿ. ಇಂಜಿನ್ ನಿಲ್ಲಿಸಿ, ಪ್ಲಗ್ ಕ್ಯಾಪ್ ತೆಗೆದು ನಟ್ಟನ್ನು ಮತ್ತೊಮ್ಮೆ ಪರೀಕ್ಷಿಸಿ. ಇದನ್ನು ಅಪ್ಪನ ಪಾಲಿಗೆ ಬಿಡಬೇಡಿ. ಅವರು ಮಿಷನ್ ನಡುಗಿದರೂ ಹೇಳಲ್ಲ. ನೀವು ಫೋನಲ್ಲಿ ಕೇಳಿದರೆ "ಪರವಾಗಿಲ್ಲ, ನಡೀತದೆ" ಅಂತಾರೆ. ಮಗಳೋ ಮಗನೋ ರಜೆಯಲ್ಲಿ ಕೂತು ರಿಪೇರಿ ಮಾಡಿದ್ದು ಸರಿಯಾಗಿಲ್ಲ ಅಂತ ಯಾವ ಅಪ್ಪನೂ ಹೇಳಲ್ಲ.

ಹೊತ್ತು ಸಾಲದಿದ್ದರೆ "ಈ ವಾರ ಆಗಲಿಲ್ಲ, ಮಿಷನ್ ಮುಟ್ಟಬೇಡಿ" ಅಂತ ಹೇಳೋಕೂ ಬರಬೇಕು. ಪ್ಲಗ್ ಕ್ಯಾಪ್‌ಗೆ ಒಂದು ಬಟ್ಟೆ ಕಟ್ಟಿ ಇಡಿ. ಒಂದು ವಾರ ಬಾಡಿಗೆಗೆ ಜನರನ್ನೋ ಮಿಷನ್ನೋ ತಂದರಾಯಿತು.

ಮುಂದಿನ ಮೇ ತಿಂಗಳಿಗೆ

ಇಷ್ಟೆಲ್ಲ ಒದ್ದಾಟ ಶುರುವಾಗೋದು ಮಿಷನ್ನನ್ನು ಮೂಲೆಗೆ ಇಡುವ ದಿನ. ಆ ದಿನ ಅರ್ಧ ಗಂಟೆ ಕೊಟ್ಟರೆ ಮುಂದಿನ ವರ್ಷದ ಒಂದು ಭಾನುವಾರ ಉಳಿಯುತ್ತೆ. ಬುಡದ ಹುಲ್ಲು ಕೆರೆದು ತೆಗೆಯಿರಿ. ಗೇರ್ ಹೆಡ್‌ನ ಪಕ್ಕದ ಸ್ಕ್ರೂ ತೆಗೆದು ಗ್ರೀಸ್ ಕಡಿಮೆ ಇದ್ದರೆ ತುಂಬಿಸಿ. ಟ್ಯಾಂಕ್ ಖಾಲಿ ಮಾಡಿ, ಉಳಿದ ಹನಿ ಮುಗಿದು ಇಂಜಿನ್ ತಾನೇ ನಿಲ್ಲುವವರೆಗೂ ಓಡಿಸಿ. ಈಗ ಬಂಕುಗಳಲ್ಲಿ ಸಿಗೋದು ಶೇಕಡಾ 20ರವರೆಗೆ ಎಥನಾಲ್ ಬೆರೆತ ಪೆಟ್ರೋಲ್. ಎಥನಾಲ್ ಗಾಳಿಯ ತೇವ ಹೀರುತ್ತೆ, ತಿಂಗಳುಗಟ್ಟಲೆ ನಿಂತರೆ ನೀರಿನ ಜೊತೆ ಬೇರೆಯಾಗಿ ತಳಕ್ಕೆ ಇಳಿದು ಕಾರ್ಬ್ಯುರೇಟರ್ ಹಾಳು ಮಾಡುತ್ತೆ. ಪ್ಲಗ್ ತೂತಿಗೆ ಒಂದು ಚಮಚ ಟೂ-ಟಿ ಆಯಿಲ್ ಬಿಟ್ಟು ಹಗ್ಗವನ್ನು ಎರಡು ಸಲ ನಿಧಾನ ಎಳೆದು ಪ್ಲಗ್ ಹಾಕಿ. ಮೈಲುತುತ್ತದಿಂದ ದೂರ, ನೆಲಕ್ಕೆ ತಾಗದಂತೆ ಗೋಡೆಗೆ ನೇತುಹಾಕಿ.

ಕೊನೆಗೆ ಒಂದು ಮಾರ್ಕರ್ ತಗೊಂಡು ಗಾರ್ಡ್ ಮೇಲೆ ದೊಡ್ಡದಾಗಿ ಬರೆಯಿರಿ: "ಬ್ಲೇಡ್ ನಟ್ಟು ಉಲ್ಟಾ". ಪಕ್ಕದಲ್ಲಿ ಬಿಚ್ಚುವ ದಿಕ್ಕಿಗೆ ಒಂದು ಬಾಣ. ಇನ್ನೊಬ್ಬರ ಕೋಡ್ ಓದಿ ಕಂಗಾಲಾದ ಯಾರಿಗೂ ಆ ಒಂದು ಸಾಲಿನ ಬೆಲೆ ಬಿಡಿಸಿ ಹೇಳಬೇಕಾಗಿಲ್ಲ.